ಉಸಿರೇ ಹಾಡಾಗುವ ಕ್ಲಾರಿಯೋನೆಟ್

ಬೆಳಗಾವಿ, ಖಾನಾಪುರ ಪರಿಸರದ ನಮ್ಮ ಕುಟುಂಬಗಳಿಗೆ ಕ್ಲಾರಿಯೋನೆಟ್ ಅಪರಿಚಿತ ವಾದ್ಯವಲ್ಲ. ಮದುವೆ, ಮೆರವಣಿಗೆಗಳ ಬ್ಯಾಂಡಿನಲ್ಲಿ ಹಾಡಿನ ಧಾಟಿಯನ್ನು ಹೊತ್ತು ನಡೆಯುವ ವಾದ್ಯಗಳಲ್ಲಿ ಅದೂ ಒಂದು. ಆದರೆ ತುತ್ತೂರಿ, ಡ್ರಮ್ಮುಗಳ ಅಬ್ಬರದ ನಡುವೆ ಅದರ ದನಿಗೆ ನಾವು ಕಿವಿಗೊಡುವುದು ಅಪರೂಪ.

ಒಂದೇ ರೀಡಿನ ಈ ವಾದ್ಯ ಮಂದ್ರದಲ್ಲಿ ಗಂಭೀರ, ಮೇಲಿನ ಸ್ಥಾಯಿಯಲ್ಲಿ ಉಜ್ವಲ. ಇವೆರಡರ ನಡುವಣ ಕೆಲವು ಸ್ವರಗಳು ಮಾತ್ರ ತುಸು ದುರ್ಬಲ. ಆ ಸಂಧಿ ಕೇಳುಗನಿಗೆ ತಿಳಿಯದಂತೆ ಉಸಿರಿನಿಂದಲೇ ಬೆಸೆಯುವವನು ನಿಪುಣ ವಾದಕ.

1791ರಲ್ಲಿ ಮೊಜಾರ್ಟ್ ತನ್ನ ಕ್ಲಾರಿಯೋನೆಟ್ ಕಾನ್ಸರ್ಟೊವನ್ನು ರಚಿಸಿದ್ದು ಆಂಟನ್ ಸ್ಟಾಡ್ಲರ್ ಎಂಬ ವಾದಕನಿಗಾಗಿ. ಅದರ ವಿಳಂಬ ಗತಿಯ ಭಾಗದಲ್ಲಿ ವಾದಕ ಮೆಲ್ಲಗೆ ನುಡಿಸಿದ ಧಾಟಿಯನ್ನು ಇಡೀ ವಾದ್ಯವೃಂದ ತುಂಬುದನಿಯಲ್ಲಿ ಪುನರುಚ್ಚರಿಸುತ್ತದೆ. ಮುಂದೆ ಅದೇ ಧಾಟಿ ಮರಳಿದಾಗ ಅನೇಕ ವಾದಕರು ಅದನ್ನು ಪಿಸುದನಿಗೆ ಇಳಿಸುತ್ತಾರೆ. ಸ್ವರ ಕದಲದಂತೆ ಅಷ್ಟು ಮೆಲ್ಲಗೆ ನುಡಿಸುವುದೇ ನಿಜವಾದ ಪರೀಕ್ಷೆ.

ನಮ್ಮ ನಾಡಿನಲ್ಲಿ ಈ ವಾದ್ಯವನ್ನು ಹಿಂದೂಸ್ತಾನಿ ಸಂಗೀತಕ್ಕೆ ಒಗ್ಗಿಸಿದವರಲ್ಲಿ ರಾಯಚೂರಿನ ಪಂಡಿತ ನರಸಿಂಹಲು ವಡವಾಟಿಯವರು ಪ್ರಮುಖರು. ಗಾಯಕ ಸಿದ್ಧರಾಮ ಜಂಬಲದಿನ್ನಿಯವರ ಶಿಷ್ಯರಾದ ಅವರ ವಾದನದಲ್ಲಿ ಹಾಡುಗಾರಿಕೆಯ ಗುಣವಿದೆ. ಕೀಲಿಗಳುಳ್ಳ ವಾದ್ಯದಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಸುಲಭವಲ್ಲ. ತುಟಿಯ ಹಿಡಿತ, ಬೆರಳಿನ ನಯ ಎರಡೂ ಬೇಕು.

ಇಂಥ ವಿದ್ಯೆ ಪುಸ್ತಕದಿಂದಷ್ಟೇ ಬರುವುದಿಲ್ಲ, ಬಲ್ಲವರ ಬಳಿ ಕುಳಿತು ಕಲಿಯಬೇಕು. ನಮ್ಮ ಊರುಗಳ ಬ್ಯಾಂಡಿನ ಹಿರಿಯ ವಾದಕರು ನಮ್ಮೊಡನಿರುವಾಗಲೇ ಮಕ್ಕಳನ್ನು ಅವರ ಬಳಿಗೆ ಕಳುಹಿಸೋಣ. ಇಲ್ಲವಾದರೆ ಆ ನುಡಿಸಾಣಿಕೆ ಅವರೊಂದಿಗೇ ಮೌನವಾದೀತು.