ಡಾಕ್ಟರಿಗೆ ನಾವೂ ಕಲಿಸುತ್ತೇವೆ

ಅಕ್ಕತಂಗಿಯರೇ, ಡಾಕ್ಟರ್ ಆಗೋದು ಹೇಗೆ? ನಾಲ್ಕೂವರೆ ವರ್ಷ ಓದಬೇಕು. ಆಮೇಲೆ 1 ವರ್ಷ ಆಸ್ಪತ್ರೆಯಲ್ಲಿ ದುಡಿದು ಕಲಿಯಬೇಕು. ಪುಸ್ತಕ ಒಂದೇ ಸಾಲದು. ರೋಗಿಯ ನಾಡಿ ಹಿಡಿಯಬೇಕು, ಮಾತು ಕೇಳಬೇಕು.

ನಮ್ಮ ಹೆಗ್ಗನಹಳ್ಳಿಯಿಂದ ಗಾರ್ಮೆಂಟ್ಸ್‌ಗೆ, ಪೀಣ್ಯದ ಕಾರ್ಖಾನೆಗಳಿಗೆ ಹೋಗುವವರು ಬಹಳ. ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆ ನಮಗೆ ಗೊತ್ತು. ಅಲ್ಲಿ 2012ರಿಂದ ಎಂ.ಬಿ.ಬಿ.ಎಸ್. ಓದನ್ನೂ ಕಲಿಸುತ್ತಾರೆ. ಅದಕ್ಕೇ ಬಿಳಿ ಕೋಟಿನ ಹುಡುಗ ಹುಡುಗಿಯರು ನಮ್ಮ ಹಾಸಿಗೆ ಹತ್ತಿರ ಬರುತ್ತಾರೆ. "ಏನಮ್ಮಾ ತೊಂದರೆ? ಎಷ್ಟು ದಿನದಿಂದ?" ಅಂತ ಕೇಳುತ್ತಾರೆ. ಹಳ್ಳಿಗಳಲ್ಲಿ ಅವರು ಮನೆಗೇ ಹೋಗುತ್ತಾರೆ. ಕೆಲವು ಕುಟುಂಬಗಳ ಆರೋಗ್ಯ ನೋಡುತ್ತಾ ಕಲಿಯಬೇಕು ಎಂಬ ನಿಯಮ 2022ರಲ್ಲಿ ಬಂತು.

ಹೇಳೋಕೆ ನಾಚಿಕೆಯೇ? ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗೋದನ್ನು, ಬಿಳಿ ಮುಟ್ಟನ್ನು ಮುಚ್ಚಿಟ್ಟರೆ ಕಾಯಿಲೆ ನಮ್ಮಲ್ಲೇ ಉಳಿಯುತ್ತೆ. ಕಲಿಯುವವರೂ ತಪ್ಪು ಕಲಿಯುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳೋಣ.

ನಮಗೂ ಹಕ್ಕಿದೆ. "ನೀವು ವಿದ್ಯಾರ್ಥಿಯೇ? ಈ ಪರೀಕ್ಷೆ ಯಾಕೆ?" ಅಂತ ಕೇಳಬಹುದು. ಪರದೆ ಎಳೆಯಿರಿ, ಜೊತೆಗೆ ಹೆಂಗಸೊಬ್ಬರು ಇರಲಿ ಎನ್ನಬಹುದು. ವಿದ್ಯಾರ್ಥಿ ಮುಟ್ಟಿ ನೋಡುವುದು ಇಷ್ಟವಿಲ್ಲದಿದ್ದರೆ ಬೇಡ ಎನ್ನಬಹುದು. ಬೇಡ ಎಂದದ್ದಕ್ಕೆ ಚಿಕಿತ್ಸೆ ನಿಲ್ಲಿಸುವಂತಿಲ್ಲ.

ಇಂದು ನಮ್ಮಿಂದ ಕಲಿತ ಹುಡುಗಿ ನಾಳೆ ನಮ್ಮ ಮಗಳ ಹೆರಿಗೆ ಮಾಡಿಸುವ ಡಾಕ್ಟರಮ್ಮ. ಅವಳು ಚೆನ್ನಾಗಿ ಕಲಿಯಲಿ.