ಬೆಲ್ಲದ ಪ್ಯಾಕೆಟ್ಟಿಗೂ ಬೆನ್ನಿದೆ

ಅಚ್ಚು, ಬಕೆಟ್, ಕುರಿಕಾಟು ಎಂದು ಬಗೆಬಗೆಯ ಬೆಲ್ಲ ಎಪಿಎಂಸಿಗೆ ಬಂದು ಬೀಳುವ ಮಂಡ್ಯದಲ್ಲಿ ಸೂಪರ್‌ಮಾರ್ಕೆಟ್ಟಿಗೆ ಹೋಗಿ ಬೆಲ್ಲ ಕೊಳ್ಳುವವರೂ ಇದ್ದಾರಲ್ಲ ಎಂಬುದೇ ನನಗೆ ಸೋಜಿಗ. ಮೊನ್ನೆ ಅಂಥದೊಂದು ಅಂಗಡಿಯಲ್ಲಿ ಪ್ಯಾಕೆಟ್ಟುಗಳನ್ನು ತಿರುವಿಹಾಕುತ್ತ ನಿಂತೆ. ಮುಂದುಗಡೆ ಗಾಣದ ಎತ್ತು, ‘ಸಾವಯವ’, ‘ರಾಸಾಯನಿಕ ಮುಕ್ತ’. ಒಂದರ ಹೆಸರಿನಲ್ಲೇ ‘ಶುದ್ಧ’ ಇತ್ತು. ಅದರ ಬೆನ್ನಿಗೆ ಪುಟ್ಟ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಒಕ್ಕಣೆ: ಇದು ಬರೀ ಬ್ರ್ಯಾಂಡ್ ಹೆಸರು, ಪದಾರ್ಥದ ನಿಜ ಗುಣವನ್ನು ಸೂಚಿಸುವುದಿಲ್ಲ!

ಅಲ್ಲೇ ನಕ್ಕುಬಿಟ್ಟೆ. ಇದು ಕಂಪನಿಯ ಪ್ರಾಮಾಣಿಕತೆಯಲ್ಲ, ಕಾನೂನಿನ ಕಟ್ಟಳೆ. ‘ಶುದ್ಧ’, ‘ನೈಜ’, ‘ಸಾಂಪ್ರದಾಯಿಕ’ದಂಥ ಗುಣವಾಚಕ ಬ್ರ್ಯಾಂಡಿನ ಹೆಸರಿನಲ್ಲಿದ್ದು ಜನ ಮೋಸಹೋಗುವಂತಿದ್ದರೆ, ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2018ರ ನಿಯಮದಂತೆ ಈ ಒಕ್ಕಣೆ ಕಡ್ಡಾಯ. ಅಕ್ಷರ 3 ಮಿಲಿಮೀಟರಿಗಿಂತ ಚಿಕ್ಕದಿರಕೂಡದು. ಹೆಸರು ಅಂಗೈಯಗಲ, ನಿಜ ಇರುವೆ ಸಾಲು. ದಾರಿ ತಪ್ಪಿಸುವ ಹೆಸರೇ ಬೇಡ ಎನ್ನದೆ, ಮೊದಲು ತಪ್ಪಿಸಿ, ಆಮೇಲೆ ಹಿಂದುಗಡೆ ಹೇಳಿಕೊಳ್ಳಿ ಎನ್ನುವ ಉಪಾಯ ಯಾವ ಪುಣ್ಯಾತ್ಮನಿಗೆ ಹೊಳೆಯಿತೋ! ‘ಶೇ 100’ ಎಂದು ಬರೆಯಬೇಡಿ ಎಂದು ಪ್ರಾಧಿಕಾರ ಸೂಚಿಸಿದ್ದಂತೂ 2025ರ ಮೇ ತಿಂಗಳಲ್ಲಿ.

‘ಸಾವಯವ’ ಕಬ್ಬಿನ ಗದ್ದೆಯಿಂದಲೇ ಶುರುವಾಗಬೇಕು. ‘ರಾಸಾಯನಿಕ ಮುಕ್ತ’ವನ್ನು ಕೊಪ್ಪರಿಗೆಯ ಮಟ್ಟಿಗೆ ಹೇಳಿ ಜಾರಿಕೊಳ್ಳಬಹುದು. ಮದ್ದೂರು, ಮಳವಳ್ಳಿ ಕಡೆಯ ಆಲೆಮನೆಗಳಲ್ಲಿ ಹಿಂದೆ ಕಬ್ಬಿನ ಹಾಲಿನ ಕೊಳೆ ತೆಗೆಯಲು ಸುಣ್ಣ, ಬೆಂಡೆಗಿಡದ ಲೋಳೆ ಸಾಕಿತ್ತು. ಬೆಳ್ಳಗಿನ ಬೆಲ್ಲಕ್ಕೆ ಬೆಲೆ ಬಂದಂತೆ ‘ಹೈಡ್ರೋಸ್’, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್, ಒಳಗೆ ಬಂತು. ಅದರಿಂದ ಬೆಲ್ಲದಲ್ಲಿ ಉಳಿಯುವ ಸಲ್ಫರ್ ಡೈಆಕ್ಸೈಡ್ 70 ಪಿಪಿಎಂ ಮೀರಬಾರದು ಎಂಬ ಮಿತಿ ಇದೆ. ಸಕ್ಕರೆ ಕರಗಿಸಿ ಬೆಲ್ಲ ಮಾಡುವ ಆಲೆಮನೆಗಳ ಮೇಲೆ ದಾಳಿ ನಡೆದ ಸುದ್ದಿಯೂ ಜಿಲ್ಲೆಗೆ ಹೊಸದಲ್ಲ. ಹೀಗಾಗಿ ಈಗ ಕಪ್ಪು ಬೆಲ್ಲಕ್ಕೆ ಮರ್ಯಾದೆ. ಆದರೆ ಕಬ್ಬಿನ ತಳಿ, ಚೌಳು ಮಣ್ಣು, ಅತಿಯಾಗಿ ಕುದಿಸಿದ್ದು, ಬಹುಕಾಲ ಇಟ್ಟದ್ದು, ಇವೆಲ್ಲವೂ ಬೆಲ್ಲವನ್ನು ಕಪ್ಪಾಗಿಸುತ್ತವೆ. ಬಣ್ಣ ನೋಡಿ ತೀರ್ಪು ಕೊಡುವಂತಿಲ್ಲ.

ಪಕ್ಕದ ಕಪಾಟಿನ ಬೆಲ್ಲದ ಬಿಸ್ಕತ್ತಿನ ಮೇಲೆ ‘ಸಕ್ಕರೆ ಇಲ್ಲ’ ಎಂದಿತ್ತು. ನಿಯಮದ ಪ್ರಕಾರ ಬೆಲ್ಲದ ಒಣತೂಕದಲ್ಲಿ ಕನಿಷ್ಠ ಶೇ 90ರಷ್ಟು ಸಕ್ಕರೆಯಂಶವೇ ಇರಬೇಕು, ಸ್ವಾಮಿ!

ಸಣ್ಣ ರೈತ ತಾನೇ ನೇರವಾಗಿ ಗ್ರಾಹಕರಿಗೆ ಮಾರಿದರೆ ಸಾವಯವ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಸೂಪರ್‌ಮಾರ್ಕೆಟ್ಟಿಗೆ ಅದಿಲ್ಲ. ಅಲ್ಲಿ ಸಾವಯವ ಪ್ರಮಾಣೀಕರಣದ ಅಧಿಕೃತ ಗುರುತು ಕಾಣದ ಪ್ಯಾಕೆಟ್ಟಿಗೆ ಸಾವಯವದ ಹೆಸರಿನಲ್ಲಿ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಡಿ.