ವಿಶ್ವಸಂಸ್ಥೆಯಲ್ಲಿ ಭಾರತ ಕೇಳಿದ್ದೇನು? ನಿಮ್ಮೂರ ಗ್ರಾಮ ಸಭೆಗೂ ಅದಕ್ಕೂ ಏನು ಸಂಬಂಧ?

ತುಮಕೂರು: ಪಂಚಾಯಿತಿ ತರಬೇತಿ ಇರಲಿ, ಬಜೆಟ್ ಪುಸ್ತಕ ಇರಲಿ, ಈಗ ಎಲ್ಲ ಕಡೆ ಕೇಳಿಬರೋ ಪದ ‘ಎಸ್‌ಡಿಜಿ’. ಕನ್ನಡದಲ್ಲಿ ಸುಸ್ಥಿರ ಅಭಿವೃದ್ಧಿ ಗುರಿಗಳು. ನ್ಯೂಯಾರ್ಕ್‌ನಲ್ಲಿ ಕೂತು ದೊಡ್ಡವರು ಮಾಡಿಕೊಂಡ ಒಪ್ಪಂದ, ಅದನ್ನು ಕಟ್ಟಿಕೊಂಡು ಹಳ್ಳಿಯವರಿಗೆ ಏನಾಗಬೇಕು ಅಂತ ಅನ್ನಿಸೋದು ಸಹಜ. ಆದರೆ ಮನೆ ಮುಂದಿನ ನಲ್ಲಿ, ಅಂಗನವಾಡಿಯಲ್ಲಿ ಮಗುವಿನ ತೂಕ, ಹೆಣ್ಣುಮಕ್ಕಳ ಮದುವೆ ವಯಸ್ಸು, ಕೂಲಿ ಕೆಲಸ ಎಲ್ಲವೂ ಇದೇ ಲೆಕ್ಕಕ್ಕೆ ಬರುತ್ತವೆ. ಗುರಿ ಮುಟ್ಟಲು ಇರುವ ಗಡುವು 2030.

ಏನಿದು 17 ಗುರಿ?

2015ರ ಸೆಪ್ಟೆಂಬರ್ 25ರಂದು ವಿಶ್ವಸಂಸ್ಥೆಯ 193 ಸದಸ್ಯ ದೇಶಗಳು 17 ಗುರಿಗಳನ್ನು ಒಪ್ಪಿಕೊಂಡವು. ಅವುಗಳ ಕೆಳಗೆ 169 ಉಪಗುರಿಗಳಿವೆ. ಬಡತನ ತೊಲಗಿಸುವುದು ಮೊದಲನೇ ಗುರಿ, ಹಸಿವು ನೀಗಿಸುವುದು ಎರಡನೇದು. ಆರೋಗ್ಯ, ಶಿಕ್ಷಣ, ಲಿಂಗ ಸಮಾನತೆ, ನೀರು, ಇಂಧನ, ಉದ್ಯೋಗ, ಹವಾಮಾನ ಹೀಗೆ ಪಟ್ಟಿ ಮುಂದುವರಿಯುತ್ತದೆ.

ಇದಕ್ಕೂ ಮೊದಲು 2000ದಿಂದ 2015ರವರೆಗೆ 8 ‘ಸಹಸ್ರಮಾನದ ಗುರಿ’ಗಳಿದ್ದವು. ಅವು ಹೆಚ್ಚಾಗಿ ಬಡ ದೇಶಗಳು ಏನು ಮಾಡಬೇಕು ಅನ್ನೋದನ್ನೇ ಹೇಳುತ್ತಿದ್ದವು. ಹೊಸ ಗುರಿಗಳು ಶ್ರೀಮಂತ ದೇಶಗಳಿಗೂ ಅನ್ವಯ. ದೊಡ್ಡ ವ್ಯತ್ಯಾಸ ಇದೇ.

ಭಾರತದ ಪಟ್ಟು ಏನಿತ್ತು?

ಗುರಿಗಳ ಕರಡು ತಯಾರಾಗಿದ್ದು 2013-14ರಲ್ಲಿ. ಅದಕ್ಕಾಗಿ ಮಾಡಿದ್ದ ಕಾರ್ಯತಂಡದಲ್ಲಿ 30 ಸ್ಥಾನಗಳಿದ್ದವು. ಒಂದು ಸ್ಥಾನವನ್ನು ಭಾರತ, ಪಾಕಿಸ್ತಾನ, ಶ್ರೀಲಂಕಾ ಮೂರೂ ಸೇರಿ ಹಂಚಿಕೊಂಡಿದ್ದವು.

ಅಲ್ಲಿ ಭಾರತ ಮುಖ್ಯವಾಗಿ ಮೂರು ವಿಷಯ ಹಿಡಿದು ಕೂತಿತ್ತು. ಒಂದು, ಬಡತನ ನಿರ್ಮೂಲನೆಯೇ ಎಲ್ಲದರ ಕೇಂದ್ರದಲ್ಲಿ ಇರಬೇಕು. ಪರಿಸರದ ಹೆಸರಲ್ಲಿ ಬಡವರ ಅಭಿವೃದ್ಧಿಗೆ ಬ್ರೇಕ್ ಬೀಳಬಾರದು.

ಎರಡು, ಜವಾಬ್ದಾರಿ ಎಲ್ಲರದ್ದೂ ಹೌದು, ಆದರೆ ಹೊರೆ ಒಂದೇ ಸಮ ಅಲ್ಲ. ನೂರಾರು ವರ್ಷ ಕಲ್ಲಿದ್ದಲು, ತೈಲ ಸುಟ್ಟು ಶ್ರೀಮಂತವಾದ ದೇಶಗಳು ಹೆಚ್ಚು ಹೊರಬೇಕು.

ಮೂರು, ಬರೀ ಗುರಿ ಹೇಳಿದರೆ ಸಾಲದು, ದುಡ್ಡು ಮತ್ತು ತಂತ್ರಜ್ಞಾನವೂ ಬೇಕು. ಶ್ರೀಮಂತ ದೇಶಗಳು ತಮ್ಮ ರಾಷ್ಟ್ರೀಯ ಆದಾಯದ ಶೇ 0.7ರಷ್ಟನ್ನು ನೆರವಾಗಿ ಕೊಡಬೇಕು ಅನ್ನೋ ಮಾತು ವಿಶ್ವಸಂಸ್ಥೆಯಲ್ಲಿ 1970ರಿಂದಲೂ ಇದೆ. ಅದನ್ನು ಮುಟ್ಟಿದ ದೇಶಗಳು ಬೆರಳೆಣಿಕೆಯಷ್ಟು.

2017ರಲ್ಲಿ ಭಾರತ ತನ್ನ ಮೊದಲ ಪ್ರಗತಿ ವರದಿಯನ್ನು ವಿಶ್ವಸಂಸ್ಥೆ ಮುಂದಿಟ್ಟಿತು. ಆಗ ಒತ್ತು ಕೊಟ್ಟಿದ್ದು ಏಳು ಗುರಿಗಳಿಗೆ: ಬಡತನ, ಹಸಿವು, ಆರೋಗ್ಯ, ಲಿಂಗ ಸಮಾನತೆ, ಕೈಗಾರಿಕೆ ಮತ್ತು ಮೂಲಸೌಕರ್ಯ, ಸಮುದ್ರ ಸಂಪತ್ತು, ದೇಶಗಳ ನಡುವಿನ ಸಹಭಾಗಿತ್ವ.

ಎಷ್ಟು ಅಂಕ ಬಂದಿದೆ?

ನೀತಿ ಆಯೋಗ 2018ರಿಂದ ‘ಎಸ್‌ಡಿಜಿ ಇಂಡಿಯಾ ಸೂಚ್ಯಂಕ’ ಪ್ರಕಟಿಸುತ್ತಿದೆ. ನೂರಕ್ಕೆ ಇಷ್ಟು ಅಂತ ಅಂಕ ಕೊಡುತ್ತದೆ. 2018ರಲ್ಲಿ ದೇಶಕ್ಕೆ 57 ಬಂದಿತ್ತು. 2023-24ಕ್ಕೆ 71ಕ್ಕೆ ಏರಿತು.

ಏರಿಕೆಗೆ ಕಾರಣಗಳೂ ಇವೆ. 2019ರ ಆಗಸ್ಟ್‌ನಲ್ಲಿ ಜಲಜೀವನ್ ಮಿಷನ್ ಶುರುವಾದಾಗ ದೇಶದ ಗ್ರಾಮೀಣ ಭಾಗದ 3.23 ಕೋಟಿ ಮನೆಗಳಿಗೆ ಮಾತ್ರ ನಲ್ಲಿ ಸಂಪರ್ಕ ಇತ್ತು. ಈಗ ಅದು 15 ಕೋಟಿ ದಾಟಿದೆ. ಕರ್ನಾಟಕದಲ್ಲಿ ‘ಮನೆ ಮನೆಗೆ ಗಂಗೆ’ ಅಂತ ಬಂದಿದ್ದು ಇದೇ ಯೋಜನೆ. ಬಹು ಆಯಾಮದ ಬಡತನ 2013-14ರಲ್ಲಿ ಶೇ 29.17 ಇದ್ದದ್ದು 2022-23ಕ್ಕೆ ಶೇ 11.28ಕ್ಕೆ ಇಳಿದಿದೆ ಅನ್ನುತ್ತದೆ ನೀತಿ ಆಯೋಗದ ಅಂದಾಜು.

ಆದರೆ ಮಾರ್ಕ್ಸ್ ಕಾರ್ಡ್‌ನಲ್ಲಿ ಟೋಟಲ್ ಮಾತ್ರ ನೋಡಿದರೆ ಆಗಲ್ಲ, ಒಂದೊಂದು ವಿಷಯದ ಅಂಕವನ್ನೂ ನೋಡಬೇಕು. ಅದೇ 2023-24ರ ಸೂಚ್ಯಂಕದಲ್ಲಿ ಲಿಂಗ ಸಮಾನತೆಗೆ ಸಿಕ್ಕಿದ್ದು 49. ಹಸಿವು ನೀಗಿಸುವ ಗುರಿಗೆ 52. ಎರಡೂ 2017ರಲ್ಲಿ ಭಾರತವೇ ಆದ್ಯತೆ ಅಂತ ಹೇಳಿದ್ದ ಗುರಿಗಳು.

ಕರ್ನಾಟಕವೂ ಇದಕ್ಕೆ ಹೊರತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ರಾಜ್ಯದಲ್ಲಿ 5 ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ. ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 44.8 ಇತ್ತು, ಅಂದರೆ ಕಡಿಮೆ ಆಗೋ ಬದಲು ಜಾಸ್ತಿ ಆಗಿದೆ. 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆ ಆಗಿತ್ತು.

ಪಾವಗಡ ಹೇಳೋ ಪಾಠ

ಒಂದು ಗುರಿ ಮುಟ್ಟಿದರೆ ಉಳಿದವೂ ತಾನಾಗೇ ಸರಿಹೋಗುತ್ತವೆ ಅನ್ನೋ ಹಾಗೂ ಇಲ್ಲ. ಇದಕ್ಕೆ ತುಮಕೂರು ಜಿಲ್ಲೆಯಲ್ಲೇ ಉದಾಹರಣೆ ಇದೆ.

ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಮುತ್ತ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಶುದ್ಧ ಇಂಧನ, ಹವಾಮಾನದ ಗುರಿಗಳಿಗೆ ದೇಶ ಹೆಮ್ಮೆಯಿಂದ ತೋರಿಸುವ ಯೋಜನೆ ಇದು. ರೈತರಿಂದ ಭೂಮಿ ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದಿದ್ದು ಇದರ ವಿಶೇಷ. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ ಬಾಡಿಗೆ ನಿಗದಿಯಾಯಿತು. ಮಳೆ ನಂಬಿ ಶೇಂಗಾ ಬಿತ್ತಿ ಕೈ ಸುಟ್ಟುಕೊಳ್ಳುತ್ತಿದ್ದ ನೆಲದಲ್ಲಿ ಇದು ಸಣ್ಣ ಮೊತ್ತ ಅಲ್ಲ.

ಆದರೆ ಬಾಡಿಗೆ ಬರೋದು ಪಹಣಿಯಲ್ಲಿ ಹೆಸರು ಇದ್ದವರಿಗೆ. ಅದೇ ಹೊಲಗಳಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದವರಿಗೆ ಕೆಲಸ ಹೋಯಿತು. ಕುರಿ, ದನ ಮೇಯಿಸಲು ಜಾಗ ಕಡಿಮೆ ಆಯಿತು. ಹವಾಮಾನದ ಕಾಲಂನಲ್ಲಿ ಅಂಕ ಏರಿತು, ಭೂಮಿ ಇಲ್ಲದವರ ಮನೆಯ ಆದಾಯ ಇಳಿಯಿತು. ಬಡತನವೇ ಮೊದಲ ಆದ್ಯತೆ ಅಂತ ವಿಶ್ವಸಂಸ್ಥೆಯಲ್ಲಿ ಹೇಳಿದ ದೇಶ, ತನ್ನ ಹಳ್ಳಿಗಳಲ್ಲೂ ಅದೇ ಪ್ರಶ್ನೆ ಎದುರಿಸಬೇಕಾಗುತ್ತದೆ.

ಪಂಚಾಯಿತಿ ಬಾಗಿಲಿಗೆ ಬಂದ 9 ವಿಷಯ

17 ಗುರಿಗಳನ್ನು ಹಳ್ಳಿ ಮಟ್ಟಕ್ಕೆ ಇಳಿಸಲು ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ 9 ವಿಷಯಗಳನ್ನು ಮಾಡಿಕೊಂಡಿದೆ. ಬಡತನ ಮುಕ್ತ ಮತ್ತು ಜೀವನೋಪಾಯ ಇರುವ ಗ್ರಾಮ, ಆರೋಗ್ಯವಂತ ಗ್ರಾಮ, ಮಕ್ಕಳ ಸ್ನೇಹಿ ಗ್ರಾಮ, ನೀರು ಸಾಕಷ್ಟು ಇರುವ ಗ್ರಾಮ, ಸ್ವಚ್ಛ ಮತ್ತು ಹಸಿರು ಗ್ರಾಮ, ಮೂಲಸೌಕರ್ಯದಲ್ಲಿ ಸ್ವಾವಲಂಬಿ ಗ್ರಾಮ, ಸಾಮಾಜಿಕ ನ್ಯಾಯ ಮತ್ತು ಭದ್ರತೆಯ ಗ್ರಾಮ, ಉತ್ತಮ ಆಡಳಿತದ ಗ್ರಾಮ, ಮಹಿಳಾ ಸ್ನೇಹಿ ಗ್ರಾಮ.

ಇವುಗಳಲ್ಲಿ ಯಾವುದಕ್ಕೆ ಒತ್ತು ಕೊಡಬೇಕು ಅಂತ ಗ್ರಾಮ ಸಭೆಯಲ್ಲಿ ಸಂಕಲ್ಪ ಮಾಡಿ, ಅದರಂತೆ ವಾರ್ಷಿಕ ಅಭಿವೃದ್ಧಿ ಯೋಜನೆ ತಯಾರಿಸಬೇಕು.

ಪಂಚಾಯಿತಿಗಳಿಗೂ ಅಂಕ ಕೊಡುವ ಸೂಚ್ಯಂಕ 2025ರ ಏಪ್ರಿಲ್‌ನಲ್ಲಿ ಬಂದಿದೆ. 2022-23ರ ಮಾಹಿತಿ ಆಧರಿಸಿ 2,16,285 ಗ್ರಾಮ ಪಂಚಾಯಿತಿಗಳನ್ನು ಅಳೆಯಲಾಗಿದೆ. 90ಕ್ಕಿಂತ ಹೆಚ್ಚು ಅಂಕದ ಮೊದಲ ದರ್ಜೆಗೆ ಒಂದೇ ಒಂದು ಪಂಚಾಯಿತಿಯೂ ಬಂದಿಲ್ಲ. ಎರಡನೇ ದರ್ಜೆಯಲ್ಲಿ ಇರೋದು 699. ಶೇ 61ರಷ್ಟು ಪಂಚಾಯಿತಿಗಳು 40ರಿಂದ 60 ಅಂಕದ ಒಳಗೇ ಇವೆ.

ದುಡ್ಡು ಎಲ್ಲಿಂದ?

15ನೇ ಹಣಕಾಸು ಆಯೋಗದ 2021-26ರ ಅವಧಿಯಲ್ಲಿ ಪಂಚಾಯಿತಿಗೆ ಬಂದ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಬಳಸಬೇಕು ಅನ್ನೋ ನಿಯಮ ಇತ್ತು. ಉಳಿದ ಶೇ 40 ಸ್ಥಳೀಯ ಅಗತ್ಯಕ್ಕೆ. ನಲ್ಲಿ, ಶೌಚಾಲಯದ ಅಂಕ ಬೇಗ ಏರಲು ಇಂಥ ಕಟ್ಟುಪಾಡೂ ಒಂದು ಕಾರಣ.

ಆದರೆ ರಕ್ತಹೀನತೆ, ಬಾಲ್ಯವಿವಾಹ, ಅಪೌಷ್ಟಿಕತೆಗೆ ಹೀಗೆ ಪಾಲು ಕಟ್ಟಿಟ್ಟಿರಲಿಲ್ಲ. ಸಿಸಿ ರಸ್ತೆ, ಚರಂಡಿ ಕಣ್ಣಿಗೆ ಕಾಣುತ್ತೆ, ಬಿಲ್ಲೂ ಆಗುತ್ತೆ, ಆದ್ದರಿಂದ ಕೇಳೋರು ಇರ್ತಾರೆ. ಮಗುವಿನ ಎತ್ತರ ಕಡಿಮೆ ಇದೆ ಅಂತ ಸಭೆಯಲ್ಲಿ ಎದ್ದು ನಿಂತು ಕೇಳೋರು ಅಪರೂಪ. ದೇಶ ಹಿಂದುಳಿದಿರೋದು ಯಾರೂ ಕೇಳದ ಇಂಥ ವಿಷಯಗಳಲ್ಲೇ.

ಗ್ರಾಮ ಸಭೆಯಲ್ಲಿ ಏನು ಕೇಳಬಹುದು?

• ನಮ್ಮ ಪಂಚಾಯಿತಿ 9ರಲ್ಲಿ ಯಾವ ವಿಷಯಕ್ಕೆ ಸಂಕಲ್ಪ ಮಾಡಿದೆ? ಅದನ್ನು ಯಾವ ಸಭೆಯಲ್ಲಿ ತೀರ್ಮಾನಿಸಿದರು?

• ಪಂಚಾಯಿತಿ ಸೂಚ್ಯಂಕದಲ್ಲಿ ನಮಗೆ ಎಷ್ಟು ಅಂಕ? ಯಾವ ವಿಷಯದಲ್ಲಿ ಕಡಿಮೆ?

• ಅಂಗನವಾಡಿಯಲ್ಲಿ ಎಷ್ಟು ಮಕ್ಕಳ ತೂಕ, ಎತ್ತರ ಕಡಿಮೆ ಇದೆ? ಕಳೆದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ? ಮಕ್ಕಳ ಹೆಸರು ಬೇಡ, ಸಂಖ್ಯೆ ಸಾಕು.

• ನಲ್ಲಿ ಹಾಕಿರುವ ಮನೆಗಳಲ್ಲಿ ಎಷ್ಟಕ್ಕೆ ನಿಜವಾಗಿ ನೀರು ಬರುತ್ತಿದೆ? ನೀರಿನ ಪರೀಕ್ಷೆ ಯಾವಾಗ ಆಯಿತು?

• ಭೂಮಿ ಇಲ್ಲದ ಕುಟುಂಬಗಳಿಗೆ ಈ ವರ್ಷದ ಯೋಜನೆಯಲ್ಲಿ ಏನಿದೆ?

ಕೇಳಿದ್ದು ನಡಾವಳಿಯಲ್ಲಿ ದಾಖಲಾಯಿತಾ ಅಂತ ನೋಡಿಕೊಳ್ಳುವುದು ಮುಖ್ಯ. ನಡಾವಳಿಗೆ ಬರದ ಬೇಡಿಕೆ ಯೋಜನೆಗೂ ಬರಲ್ಲ. ಮಹಿಳಾ ಗ್ರಾಮ ಸಭೆ, ಮಕ್ಕಳ ಗ್ರಾಮ ಸಭೆಗಳೂ ಪ್ರತ್ಯೇಕವಾಗಿ ನಡೆಯಬೇಕು. ಮುಂದಿನ ವರ್ಷದ ಯೋಜನೆ ತಯಾರಿಯ ಅಭಿಯಾನ ಸಾಮಾನ್ಯವಾಗಿ ಅಕ್ಟೋಬರ್ 2ರಂದು ಶುರುವಾಗುತ್ತದೆ. ನಿಮ್ಮೂರಿನ ಸಭೆಯ ದಿನಾಂಕವನ್ನು ಪಿಡಿಒ ಅವರನ್ನು ಅಥವಾ ವಾರ್ಡ್ ಸದಸ್ಯರನ್ನು ಕೇಳಿ ತಿಳಿದುಕೊಳ್ಳಬಹುದು.